ಆರದ ದಣಿವು

ಕನ್ನಡದಲ್ಲಿ ದಣಿವೆಂಬುದು ಆರತಕ್ಕ ವಸ್ತು. ಹೊಲದಿಂದ ಬಂದವನು ಜಗುಲಿಯ ಮೇಲೆ ಕುಳಿತು, ಬೆಲ್ಲ ನೀರು ಕುಡಿದು ದಣಿವಾರಿಸಿಕೊಂಡನೆಂದು ಹೇಳುವಾಗ, ದೀಪ ಆರಿತು, ಒದ್ದೆ ಬಟ್ಟೆ ಆರಿತು ಎಂಬಲ್ಲಿ ಬರುವ ಕ್ರಿಯಾಪದವನ್ನೇ ನಾವು ಬಳಸುತ್ತೇವೆ. ಬಳಲಿಕೆಗೆ ಅಂತ್ಯವುಂಟೆಂಬ ಭರವಸೆ ಆ ನುಡಿಗಟ್ಟಿನೊಳಗೇ ಅಡಗಿದೆ. ಬೆಂಗಳೂರಿನ ಕಚೇರಿಗಳಲ್ಲಿ ದುಡಿಯುವ ನಮ್ಮ ಮಕ್ಕಳು ಈ ಮಾತನ್ನು ಬಿಟ್ಟು "ಬರ್ನ್‌ಔಟ್ ಆಗಿದೀನಿ" ಎನ್ನತೊಡಗಿರುವುದು ಇಂಗ್ಲಿಷಿನ ವ್ಯಾಮೋಹವೆಂದು ಹಿರಿಯರು ಕೆಲವರು ನೊಂದುಕೊಳ್ಳುವುದುಂಟು. ನನಗೆ ಹಾಗೆನ್ನಿಸುವುದಿಲ್ಲ. ಅವರ ದಣಿವು ಬೇರೆ ಜಾತಿಯದು; ಅದಕ್ಕೆ ಬೇರೆ ಹೆಸರು ಬೇಕಾಯಿತು.

ಆ ಶಬ್ದದ ಪೂರ್ವವೃತ್ತಾಂತವು ಕರುಣಾಜನಕವಾದುದು. ಗ್ರಹಾಂ ಗ್ರೀನನು ಕಾಂಗೋ ದೇಶದ ಕುಷ್ಠರೋಗಿಗಳ ವಸತಿಯೊಂದನ್ನು ಕುರಿತು ಬರೆದ, 1960ರಷ್ಟು ಹಳೆಯ ಕಾದಂಬರಿಯ ಶೀರ್ಷಿಕೆಯಲ್ಲಿಯೇ ಅದರ ಛಾಯೆಯಿದೆ: ಬೆರಳುಗಳನ್ನು ಕಬಳಿಸಿದ ಮೇಲೆ ರೋಗವು ತಾನಾಗಿ ನಿಂತುಹೋದವನು ಅಲ್ಲಿ 'ಉರಿದು ಮುಗಿದವನು'. ಅಮೆರಿಕದಲ್ಲಿ ಅದು ಮಾದಕ ವ್ಯಸನಿಗಳ ಆಡುಮಾತಾಗಿತ್ತು. ಹಗಲೆಲ್ಲ ಸ್ವಂತ ವೃತ್ತಿಯನ್ನು ನಡೆಸಿ, ಇರುಳಾದೊಡನೆ ನ್ಯೂಯಾರ್ಕಿನ ಧರ್ಮಾರ್ಥ ಚಿಕಿತ್ಸಾಲಯವೊಂದರಲ್ಲಿ ಅಂಥ ವ್ಯಸನಿಗಳ ಶುಶ್ರೂಷೆಗೆ ನಿಲ್ಲುತ್ತಿದ್ದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಅವರು, ಜೊತೆಯ ಸ್ವಯಂಸೇವಕರ ಉತ್ಸಾಹವು ಕ್ರಮೇಣ ಬತ್ತಿ, ತಲೆನೋವು, ಸಿಡುಕು, ರೋಗಿಗಳಲ್ಲಿಯೇ ತಾತ್ಸಾರ ತಲೆದೋರುವುದನ್ನು ಕಂಡು, ಆ ಲಕ್ಷಣಗಳನ್ನು ತಮ್ಮಲ್ಲಿಯೂ ಗುರುತಿಸಿ, 1974ರ ಪ್ರಬಂಧವೊಂದರಲ್ಲಿ ರೋಗಿಗಳ ಮಾತನ್ನು ಶುಶ್ರೂಷಕರಿಗೇ ಅನ್ವಯಿಸಿದರು. ಈ ಅರ್ಥದಲ್ಲಿ ಪದವು ಸೋಮಾರಿಗೆ ಸಲ್ಲಲಿಲ್ಲವೆಂಬುದನ್ನು, ಇಂದಿನ ಯುವಜನರನ್ನು ಸೋಮಾರಿಗಳೆಂದು ಜರೆಯುವವರು ನೆನೆಯಬೇಕು.

ಒಂದು ಇಡೀ ಪೀಳಿಗೆಗೆ ಅದನ್ನು ಹೊಂದಿಸಿದವರು ಅಮೆರಿಕದ ಲೇಖಕಿ ಆನ್ ಹೆಲೆನ್ ಪೀಟರ್ಸನ್. 2019ರ ಜನವರಿಯ ತಮ್ಮ ಲೇಖನದಲ್ಲಿ ಅವರು ಅತಿ ಕ್ಷುಲ್ಲಕ ವಿಷಯಗಳನ್ನೇ ಎತ್ತಿಕೊಂಡರು: ಚಾಕುಗಳನ್ನು ಸಾಣೆ ಹಿಡಿಸುವುದು, ಬೂಟನ್ನು ಚಮ್ಮಾರನಿಗೆ ಒಯ್ಯುವುದು, ವೈದ್ಯರನ್ನು ಕಾಣಲು ಸಮಯ ಗೊತ್ತುಮಾಡಿಕೊಳ್ಳುವುದು. ಕಚೇರಿಯ ಕೆಲಸವನ್ನೆಲ್ಲ ಚೊಕ್ಕಟವಾಗಿ ಮುಗಿಸುವ ವ್ಯಕ್ತಿಗೆ ಈ ಸಣ್ಣ ಕಾರ್ಯಗಳಿಗೆ ಮಾತ್ರ ಕೈ ಏಳದೆ, ಅವು ಪಟ್ಟಿಯಿಂದ ಪಟ್ಟಿಗೆ, ವಾರದಿಂದ ವಾರಕ್ಕೆ ಉರುಳುತ್ತಲೇ ಇರುತ್ತವೆ. ಬಾಲ್ಯದಿಂದಲೂ ಪ್ರತಿಯೊಂದು ಗಳಿಗೆಯನ್ನೂ ಸಾರ್ಥಕಪಡಿಸಬೇಕೆಂಬ ಶಿಕ್ಷಣವನ್ನು ಪಡೆದು, ವಿದ್ಯಾಭ್ಯಾಸದ ಸಾಲವನ್ನು ಹೊತ್ತು, 2008ರ ಆರ್ಥಿಕ ಕುಸಿತದ ಆಸುಪಾಸಿನಲ್ಲಿ ಉದ್ಯೋಗಕ್ಕೆ ಅಲೆದವರು ಆ ಪೀಳಿಗೆಯವರು.

2019ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಬರ್ನ್‌ಔಟ್ ರೋಗವಲ್ಲ, ಉದ್ಯೋಗಸ್ಥಳದ ನಿರಂತರ ಒತ್ತಡವನ್ನು ಸಮರ್ಪಕವಾಗಿ ನಿಭಾಯಿಸದುದರಿಂದ ಉಂಟಾಗುವ ಸ್ಥಿತಿಯೆಂದು ವಿವರಿಸಿತು. ನಿಭಾಯಿಸಬೇಕಾದವರು ಯಾರೆಂಬುದನ್ನು ಹೇಳಲಿಲ್ಲ. ಕನ್ನಡದಲ್ಲಿಯೂ 'ಆಗಿದೀನಿ' ಎಂಬಲ್ಲಿ ಮಾಡಿದವರ ಸುಳಿವಿಲ್ಲ. ಅಮೆರಿಕದ ಹಗಲಿಗೆ ಹೊಂದಿಸಿದ ರಾತ್ರಿಯ ಮೀಟಿಂಗಿನಲ್ಲಿ ಕುಳಿತ ಮಗಳು, ತಟ್ಟೆಯ ಅನ್ನ ಸಾರು ತಣ್ಣಗಾಗುತ್ತಿರುವಾಗ, "ಇನ್ನೊಂದೇ ಕಾಲ್, ಅಮ್ಮ" ಎನ್ನುತ್ತಾಳೆ. "ಎರಡು ದಿನ ರಜ ಹಾಕಿ ಊರಿಗೆ ಹೋಗಿ ಬಾರೇ" ಎನ್ನುತ್ತಾಳೆ ತಾಯಿ. ಹೊಲದ ದಣಿವಿಗೆ ಅದು ಸರಿಯಾದ ಔಷಧವೇ. ಆದರೆ ಮೂರನೆಯ ದಿನ ಅದೇ ಮೀಟಿಂಗು ಕಾದಿರುತ್ತದೆ. ಕಂಪೆನಿಯು ನೌಕರರ ನೆಮ್ಮದಿಗೆಂದು ಧ್ಯಾನಶಿಬಿರವನ್ನು ಏರ್ಪಡಿಸುತ್ತದೆಯೇ ಹೊರತು, ಆ ಮೀಟಿಂಗಿನ ವೇಳೆಯನ್ನು ಬದಲಿಸುವ ಮಾತನ್ನು ಎತ್ತುವುದಿಲ್ಲ.