ಪಾಟಿಯಿಂದ ಪರದೆಯವರೆಗೆ

ಕಲಘಟಗಿ ತಾಲೂಕಿನ ಮಿಶ್ರಿಕೋಟಿಯಂಥ ಊರಿನಲ್ಲಿ ಶಿಕ್ಷಕರೊಬ್ಬರು ಅಂತರಜಾಲದಲ್ಲೇ ಸ್ಲೈಡುಗಳನ್ನು ಸಿದ್ಧಪಡಿಸಿ ಗೋಡೆಯ ಮೇಲೆ ಪಾಠ ತೋರಿಸಿದರೆ ನಾವು ಅದನ್ನು ಹೊಸ ಯುಗದ ಕೊಡುಗೆಯೆಂದು ಕೊಂಡಾಡುತ್ತೇವೆ. ಆದರೆ ಆ ಪರದೆಯ ಹಿಂದೆ ದೀರ್ಘ ಚರಿತ್ರೆಯಿದೆ. ಅದನ್ನು ಅರಿಯದೆ ಅದರ ಲಾಭ ನಷ್ಟಗಳನ್ನು ಅಳೆಯಲಾಗದು.

ಬಸ್ರಾದಲ್ಲಿ ಜನಿಸಿದ ಇಬ್ನುಲ್ ಹೈಸಮ್ ಸಾವಿರ ವರ್ಷಗಳ ಹಿಂದೆಯೇ ದೀಪಗಳ ಬೆಳಕನ್ನು ಸಣ್ಣ ರಂಧ್ರದ ಮೂಲಕ ಕತ್ತಲೆ ಕೋಣೆಗೆ ಹಾಯಿಸಿ ಬೆಳಕಿನ ನಡೆಯನ್ನು ಪರೀಕ್ಷಿಸಿದ್ದರು. 17ನೇ ಶತಮಾನದಲ್ಲಿ ಹಾಲೆಂಡಿನ ಹೈಗನ್ಸ್, ಗಾಜಿನ ಮೇಲಿನ ಚಿತ್ರವನ್ನು ಗೋಡೆಗೆ ಬೀರುವ ದೀಪವನ್ನು ರೂಪಿಸಿದರು. ಆದರೆ ಬಡವರ ಶಾಲೆ ನೆಚ್ಚಿಕೊಂಡದ್ದು ಮದ್ರಸದ ತಖ್ತಿ, ಮಗುವಿನ ಪಾಟಿ ಮತ್ತು ಖಡುವಿನ ಕರಿಹಲಗೆಯನ್ನು. ಅವುಗಳಲ್ಲೊಂದು ದೊಡ್ಡ ಗುಣವಿತ್ತು: ತಪ್ಪಾದರೆ ಅಳಿಸಿ ಮತ್ತೆ ಬರೆಯಬಹುದಿತ್ತು, ಬರೆಯುವ ಕೈ ಮಗುವಿನದ್ದೂ ಆಗಿತ್ತು.

1987ರಲ್ಲಿ ಬಂದ ಪವರ್‌ಪಾಯಿಂಟ್ ಹುಟ್ಟಿದ್ದು ಶಾಲೆಗಾಗಿ ಅಲ್ಲ, ಕಂಪೆನಿಗಳ ಸಭೆಗಳಿಗಾಗಿ. ಅಲ್ಲಿ ಒಬ್ಬರು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಆ ಗುಣ ತರಗತಿಗೂ ಅಂಟಿಕೊಂಡಿತು. 2004ರ ಸೆಪ್ಟೆಂಬರ್ 20ರಂದು ಇಸ್ರೋ ಹಾರಿಸಿದ ಎಜುಸ್ಯಾಟ್ ಉಪಗ್ರಹ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠ ತಲುಪಿಸಿತು. ಅದು ನಿಜಕ್ಕೂ ದೊಡ್ಡ ಸಾಹಸ. ಆದರೆ ಪಾಠ ಮೇಲಿನಿಂದ ಬರುತ್ತಿತ್ತು, ಮಗು ನೋಡುತ್ತ ಕುಳಿತಿತ್ತು. 2010ರಲ್ಲಿ ಆ ಉಪಗ್ರಹದ ಕೆಲಸ ಮುಗಿಯಿತು.

ನಮ್ಮ ಶಿಕ್ಷಕರಿಗೆ ಇನ್ನೊಂದು ತೊಡಕಿತ್ತು. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ರಾತ್ರಿಯೆಲ್ಲ ಕುಳಿತು ಮಾಡಿದ ಪಾಠ, ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತಿತ್ತು. ಇನ್‌ಪೇಜ್ ನೆಚ್ಚಿದ್ದ ಉರ್ದು ಶಿಕ್ಷಕರ ಕಷ್ಟವೂ ಬಹುತೇಕ ಇಂಥದೇ. ಯುನಿಕೋಡ್ ಬಳಕೆ ಹರಡಿದ ಮೇಲೆ ಈ ಗೋಳು ತಗ್ಗಿತು. 2007ರಲ್ಲಿ ಗೂಗಲ್, 2009ರಲ್ಲಿ ಹಂಗೇರಿಯ ಪ್ರೆಜಿ ಪ್ರಸ್ತುತಿಯನ್ನು ಅಂತರಜಾಲಕ್ಕೆ ತಂದವು. ಗೂಗಲ್‌ನಂಥ ತಂತ್ರಾಂಶದಲ್ಲಿ ಒಂದೇ ಕಡತವನ್ನು ಹಲವರು ಏಕಕಾಲಕ್ಕೆ ತೆರೆದು ತಿದ್ದಬಹುದು. ಯಾರು ಯಾವಾಗ ಏನು ಬದಲಿಸಿದರೆಂಬುದೂ ಅದರಲ್ಲಿ ಉಳಿಯುತ್ತದೆ.

ನಮ್ಮ ದೃಷ್ಟಿಯಲ್ಲಿ ಇದರ ನಿಜವಾದ ಹೊಸತನ ಬಣ್ಣದಲ್ಲಿಲ್ಲ, ಪಾಟಿಯ ಗುಣ ಪರದೆಗೆ ಮರಳಿದ್ದರಲ್ಲಿದೆ. ನಾಲ್ಕು ಮಕ್ಕಳು ಸೇರಿ ತಮ್ಮೂರಿನ ಕೆರೆ, ಸಂತೆ, ಹತ್ತಿ, ಗೋವಿನಜೋಳದ ಬಗ್ಗೆ ಒಬ್ಬೊಬ್ಬರು ಒಂದೊಂದು ಸ್ಲೈಡು ಬರೆದು, ಪರಸ್ಪರರ ತಪ್ಪು ತಿದ್ದಿ, ತರಗತಿಯ ಮುಂದೆ ನಿಂತು ವಿವರಿಸಿದರೆ ಅದೇ ಕಲಿಕೆ. ಶಿಕ್ಷಕರು ಯಾರೋ ಮಾಡಿಟ್ಟ ಐವತ್ತು ಸ್ಲೈಡುಗಳನ್ನು ಓದಿ ಮುಗಿಸಿದರೆ ಅದು ಹಳೆಯ ಬಾಯಿಪಾಠವೇ, ವಿದ್ಯುತ್ ಖರ್ಚು ಮಾತ್ರ ಹೆಚ್ಚು.

ಇಲ್ಲೊಂದು ಎಚ್ಚರಿಕೆಯೂ ಬೇಕು. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಮೊಬೈಲ್ ಇಲ್ಲದ ಮನೆಯ ಮಕ್ಕಳು ಪಾಠದ ಹೊರಗುಳಿದರು. ಆಗ ಸರಕಾರದ ವಿದ್ಯಾಗಮ ಯೋಜನೆಯಡಿ ಶಿಕ್ಷಕರು ಗುಡಿಯ ಅಂಗಳ, ಮರದ ನೆರಳುಗಳಿಗೆ ನಡೆದು ಹೋಗಿ ಕಲಿಸಿದರು. ಅಕ್ಟೋಬರಿನಲ್ಲಿ ಸೋಂಕಿನ ಭಯದಿಂದ ಅದೂ ನಿಂತಿತು. ಮನೆಯಲ್ಲಿ ಒಂದೇ ಮೊಬೈಲ್ ಇದ್ದು ಅದು ಅಣ್ಣನ ಕೈಯಲ್ಲಿದ್ದರೆ ತಂಗಿಗೆ ಪಾಠವೆಲ್ಲಿ? ಆದ್ದರಿಂದ ಇಂಥ ಕೆಲಸವನ್ನು ಮನೆಗೆ ಹೊರಿಸದೆ ಶಾಲೆಯ ವೇಳೆಯಲ್ಲೇ, ಶಾಲೆಯ ಕಂಪ್ಯೂಟರಿನಲ್ಲೇ, ಸರದಿಯಂತೆ ಮಾಡಿಸಬೇಕು. ಕರೆಂಟು ಹೋದ ದಿನಕ್ಕೆ ಮುದ್ರಿತ ಪ್ರತಿಯೂ ಇರಲಿ.

ಹಲಗೆ ಬದಲಾಗಲಿ, ಬೇಡವೆನ್ನುವವರು ನಾವಲ್ಲ. ಬರೆಯುವ ಕೈ ಮಗುವಿನದ್ದಾಗಿ ಉಳಿಯಲಿ ಎಂಬುದಷ್ಟೇ ನಮ್ಮ ಕಳಕಳಿ.