ಮೂವತ್ತೆಂಟರಲ್ಲಿ ಮರಳಿ ಬಂದ ಮಿಲ್ಲಾ

ಗೋಲು ಹೊಡೆದವನು ಓಡಿದ್ದು ಸಹ ಆಟಗಾರರ ಕಡೆಗಲ್ಲ, ಮೈದಾನದ ಮೂಲೆಯ ಬಾವುಟದ ಬಳಿಗೆ. ಅಲ್ಲಿ ಒಂದು ಕೈ ಹೊಟ್ಟೆಯ ಮೇಲಿಟ್ಟು, ಇನ್ನೊಂದನ್ನು ಮೇಲೆತ್ತಿ, ಸೊಂಟ ಬಳುಕಿಸಿ ಕುಣಿದ. 1990ರ ಜೂನ್ 14ರಂದು ಇಟಲಿಯ ಬಾರಿ ನಗರದಲ್ಲಿ ಕಂಡ ಈ ಕುಣಿತವನ್ನು ಆಗ ಹುಟ್ಟಿರದ ನನ್ನಂಥವರೂ ಬಲ್ಲರು. ಕುಣಿದವರು ಕ್ಯಾಮರೂನಿನ ರೋಜರ್ ಮಿಲ್ಲಾ. ಅವರಿಗಾಗ 38 ವರ್ಷ.

ಅಸಲಿಗೆ ಮಿಲ್ಲಾ ಆ ತಂಡದಲ್ಲಿ ಇರಬೇಕಾದವರೇ ಅಲ್ಲ. 1952ರಲ್ಲಿ ಯವುಂಡೆಯಲ್ಲಿ ಹುಟ್ಟಿದ ಅವರು 1976ರಲ್ಲೇ ಆಫ್ರಿಕಾದ ವರ್ಷದ ಆಟಗಾರ ಎನಿಸಿಕೊಂಡಿದ್ದರು. ಮರುವರ್ಷ ಫ್ರಾನ್ಸಿಗೆ ಹೋಗಿ ಅಲ್ಲಿನ ಕ್ಲಬ್ಬುಗಳಲ್ಲಿ ಹನ್ನೆರಡು ವರ್ಷ ಬೆವರು ಸುರಿಸಿದರು. ಸೇಂಟ್ ಎಟಿಯೆನ್, ಮಾಂಟ್‌ಪೆಲಿಯೆ ಎಂಬ ಎರಡು ತಂಡಗಳು ಎರಡನೆಯ ದರ್ಜೆಯಿಂದ ಮೇಲೇರಿದ್ದು ಅವರು ಆಡುತ್ತಿದ್ದಾಗಲೇ. ಆದರೂ ಯುರೋಪಿನ ದೊಡ್ಡ ತಾರೆಗಳ ಸಾಲಿನಲ್ಲಿ ಅವರ ಹೆಸರು ಕೇಳಿಬರಲಿಲ್ಲ.

ವಿಶ್ವಕಪ್‌ನಲ್ಲಂತೂ ಅದೃಷ್ಟ ಕೈಕೊಟ್ಟಿತ್ತು. 1982ರಲ್ಲಿ ಸ್ಪೇನಿನಲ್ಲಿ ಪೆರು ವಿರುದ್ಧ ಅವರು ಹೊಡೆದ ಗೋಲನ್ನು ಆಫ್‌ಸೈಡ್ ಎಂದು ತಳ್ಳಿಹಾಕಲಾಯಿತು. ಕ್ಯಾಮರೂನ್ ಆಡಿದ ಮೂರೂ ಪಂದ್ಯ ಡ್ರಾ. ಇಟಲಿಯದೂ ಅಷ್ಟೇ, ಆದರೆ ಇಟಲಿ ಎರಡು ಗೋಲು ಗಳಿಸಿತ್ತು, ಕ್ಯಾಮರೂನ್ ಒಂದು. ಸೋಲದೆಯೇ ಕ್ಯಾಮರೂನ್ ಮನೆಗೆ ಹೋಯಿತು, ಇಟಲಿ ಕಪ್ ಗೆದ್ದಿತು!

1988ರ ಆಫ್ರಿಕಾ ಕಪ್ ಗೆದ್ದ ಬಳಿಕ ಮಿಲ್ಲಾ ದೇಶದ ತಂಡಕ್ಕೆ ವಿದಾಯ ಹೇಳಿ, ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದ ಕ್ಲಬ್ಬೊಂದರಲ್ಲಿ ಆರಾಮವಾಗಿ ಆಡುತ್ತಿದ್ದರು. ಅಲ್ಲಿಂದ ಅವರನ್ನು ಕರೆತಂದದ್ದು ತರಬೇತುದಾರರಲ್ಲ, ದೇಶದ ಅಧ್ಯಕ್ಷ ಪಾಲ್ ಬಿಯಾ. ಅಧಿಕಾರಸ್ಥರು ತಂಡದ ಆಯ್ಕೆಯಲ್ಲಿ ಕೈಹಾಕಿದರೆ ಸಾಮಾನ್ಯವಾಗಿ ಕೆಡುಕೇ. ಈ ಸಲ ಹಾಗಾಗಲಿಲ್ಲ.

ಮೊದಲ ಪಂದ್ಯದಲ್ಲಿ ಕ್ಯಾಮರೂನ್ ಒಂಬತ್ತೇ ಆಟಗಾರರೊಂದಿಗೆ ಪಂದ್ಯ ಮುಗಿಸಿ, ಮರಡೋನಾರ ಅರ್ಜೆಂಟೀನಾವನ್ನು 1-0ಯಿಂದ ಕೆಡವಿತು. ರುಮೇನಿಯಾ ವಿರುದ್ಧ ಬದಲಿ ಆಟಗಾರನಾಗಿ ಇಳಿದ ಮಿಲ್ಲಾ ಎರಡು ಗೋಲು ಹೊಡೆದರು. ಕೊಲಂಬಿಯಾ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ಮತ್ತೆರಡು. ಅದರಲ್ಲೊಂದು ಮರೆಯಲಾಗದ್ದು: ಗೋಲುಪೆಟ್ಟಿಗೆ ಬಿಟ್ಟು ಬಹುದೂರ ಬಂದು ಚೆಂಡಿನೊಡನೆ ಚೆಲ್ಲಾಟವಾಡುತ್ತಿದ್ದ ಗೋಲಿ ಹಿಗ್ವಿಟಾರ ಕಾಲಿನಿಂದಲೇ ಮಿಲ್ಲಾ ಚೆಂಡು ಕಸಿದರು. ಮುಂದೆ ಖಾಲಿ ಗೋಲು.

ಕ್ವಾರ್ಟರ್ ಫೈನಲ್‌ನಲ್ಲಿ ಇಂಗ್ಲೆಂಡ್ ಮುಂದಿತ್ತು. ದ್ವಿತೀಯಾರ್ಧದಲ್ಲಿ ಬಂದ ಮಿಲ್ಲಾ ಒಂದು ಪೆನಾಲ್ಟಿ ಗಿಟ್ಟಿಸಿದರು, ಇನ್ನೊಂದು ಗೋಲಿಗೆ ಚೆಂಡು ಒದಗಿಸಿದರು. ಕ್ಯಾಮರೂನ್ 2-1 ಮುನ್ನಡೆಯಲ್ಲಿತ್ತು. ಲಿನೆಕರ್ ಎರಡು ಪೆನಾಲ್ಟಿಗಳಿಂದ ಆ ಗೆಲುವನ್ನು ಕಿತ್ತುಕೊಂಡರು. ಆದರೆ ಆಫ್ರಿಕಾದ ತಂಡವೊಂದು ಎಂಟರ ಘಟ್ಟ ತಲುಪಿದ್ದು ಅದೇ ಮೊದಲು. ಮುಂದಿನ ವಿಶ್ವಕಪ್‌ನಲ್ಲಿ ಆಫ್ರಿಕಾದ ಪಾಲು ಎರಡು ತಂಡದಿಂದ ಮೂರಕ್ಕೇರಿತು. ಮಿಲ್ಲಾ ಎರಡನೆಯ ಬಾರಿ ಆಫ್ರಿಕಾದ ವರ್ಷದ ಆಟಗಾರರಾದರು. ಗೋಲು ಹೊಡೆದವರು ಮೂಲೆಗೆ ಓಡಿ ಕುಣಿಯುವುದು ಕ್ರಮೇಣ ಎಲ್ಲ ದೇಶಗಳ ವಾಡಿಕೆಯಾಯಿತು. ಇಪ್ಪತ್ತು ವರ್ಷದ ನಂತರ, 2010ರಲ್ಲಿ, ಕೋಕಾಕೋಲಾ ಕಂಪೆನಿ ಅದೇ ಕುಣಿತವನ್ನು ಜಾಹೀರಾತಿಗೆ ಬಳಸಿಕೊಂಡಿತು.

1994ರಲ್ಲಿ ಅಮೆರಿಕಕ್ಕೂ ಮಿಲ್ಲಾ ಹೋದರು. ರಷ್ಯಾ ವಿರುದ್ಧದ ಪಂದ್ಯದಲ್ಲಿ ಅವರು ಗೋಲು ಹೊಡೆದಾಗ ವಯಸ್ಸು 42 ವರ್ಷ 39 ದಿನ. ವಿಶ್ವಕಪ್‌ನಲ್ಲಿ ಅಷ್ಟು ಹಿರಿಯರು ಅದುವರೆಗೆ ಗೋಲು ಗಳಿಸಿದ್ದಿಲ್ಲ. ಪಂದ್ಯವನ್ನು ಮಾತ್ರ ಕ್ಯಾಮರೂನ್ 6-1ರಿಂದ ಸೋತಿತು. ರಷ್ಯಾದ ಆರರಲ್ಲಿ ಐದು ಗೋಲು ಸಾಲೆಂಕೊ ಒಬ್ಬರದೇ. ಅದೂ ಒಂದು ದಾಖಲೆ.