ಸಹಿ ಮತ್ತು ಸಮ್ಮತಿ: ತೂಕ ಇಳಿಸುವ ಹೊಸ ಶಸ್ತ್ರಚಿಕಿತ್ಸೆಗಳ ನೈತಿಕತೆ

ಬೆಂಗಳೂರಿನ ಸುದ್ದಗುಂಟೆಪಾಳ್ಯದ ಒಂದು ಮಗ್ಗುಲಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್, ಕಿದ್ವಾಯಿ. ಇನ್ನೊಂದಕ್ಕೆ ಬನ್ನೇರುಘಟ್ಟ ರಸ್ತೆಯ ಜಯದೇವ. ಆಸ್ಪತ್ರೆಗಳ ನೆರೆಯಲ್ಲೇ ಇರುವ ಇಂಥ ಕಡೆಯೂ ‘ತೂಕ ಇಳಿಸೋ ಆಪರೇಷನ್’ ಎಂಬ ಒಂದೇ ಮಾತು ಎರಡು ಬೇರೆ ಕೆಲಸಗಳಿಗೆ ಸಲ್ಲುತ್ತದೆ. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಲೈಪೋಸಕ್ಷನ್ ಮೈಯ ಆಕಾರ ತಿದ್ದುತ್ತದೆ. ಜಠರವನ್ನು ಕಿರಿದಾಗಿಸುವ, ಕರುಳಿನ ದಾರಿ ಬದಲಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಸ್ಥೂಲಕಾಯವೆಂಬ ಕಾಯಿಲೆಗೆ ಮಾಡುವ ಚಿಕಿತ್ಸೆ.

2022ರ ಮೇ ತಿಂಗಳಲ್ಲಿ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡರು. ತಮ್ಮ ಒಪ್ಪಿಗೆ ಪಡೆದಿರಲಿಲ್ಲವೆಂದು ಹೆತ್ತವರು ದೂರಿದರು. ಅವರ ಸಂಕಟ ಸಹಜ. ಆದರೆ ವಯಸ್ಕಳಾದ ಮಗಳ ಒಪ್ಪಿಗೆಯೇ ಕಾನೂನಿಗೆ ಸಾಕು. ಕೇಳಬೇಕಾದದ್ದು, ಇಂಥ ರೋಗಿಗೆ ಸಹಿಗೆ ಮುಂಚೆ ಏನೇನು ತಿಳಿಸಬೇಕು ಎಂಬುದನ್ನು.

ಸಮೀರಾ ಕೊಹ್ಲಿ ಪ್ರಕರಣದಲ್ಲಿ (2008) ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ: ಚಿಕಿತ್ಸೆಯ ಸ್ವರೂಪ, ಉದ್ದೇಶ, ಬೇರೆ ದಾರಿಗಳು, ಗಣನೀಯ ಅಪಾಯಗಳು, ಬೇಡವೆಂದರೆ ಆಗುವ ಪರಿಣಾಮ. ದೂರದ, ಬರೀ ಸಾಧ್ಯತೆಯ ಅಪಾಯಗಳನ್ನು ವಿವರಿಸಬೇಕಿಲ್ಲ ಎಂದೂ ಹೇಳಿತು. ಹಳೆಯ ವಿಧಾನಗಳಿಗೆ ಇದು ಒಪ್ಪುವ ಮಾತು. ಹೊಸದರಲ್ಲಿ ಯಾವ ಅಪಾಯ ದೂರದ್ದು, ಯಾವುದು ಹತ್ತಿರದ್ದು ಎಂದು ವೈದ್ಯರಿಗೇ ಗೊತ್ತಿರುವುದಿಲ್ಲ. 1950ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾದ, ಸಣ್ಣ ಕರುಳಿನ ಬಹುಪಾಲನ್ನು ಬದಿಗಿರಿಸುವ ಬೈಪಾಸ್ ತೂಕವನ್ನೇನೋ ಚೆನ್ನಾಗಿಯೇ ಇಳಿಸಿತು. ಯಕೃತ್ತು ಸೋತದ್ದು, ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿದ್ದು ಆಮೇಲೆ. ಆ ವಿಧಾನವನ್ನು ಕೊನೆಗೆ ಕೈಬಿಟ್ಟರು. ಮೊದಲ ಸಾಲಿನ ರೋಗಿಗಳಿಗೆ ಈ ತೊಂದರೆಗಳನ್ನು ಮುಂಚೆಯೇ ಹೇಳಬಲ್ಲವರು ಯಾರಿದ್ದರು?

ಹಣದ ಲೆಕ್ಕವೂ ಈ ಒಪ್ಪಿಗೆಯ ಪ್ರಶ್ನೆಗೆ ತಳುಕು ಹಾಕಿಕೊಂಡಿದೆ. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಏಷ್ಯಾದವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 27.5ರಿಂದಲೇ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದು ಎನ್ನುತ್ತದೆ. ನಮ್ಮ ಆರೋಗ್ಯ ವಿಮೆಯ ಪ್ರಮಾಣಿತ ನಿಯಮಕ್ಕೆ ಬೇಕಾದದ್ದು 40, ಗಂಭೀರ ಕಾಯಿಲೆಗಳು ಜೊತೆಗಿದ್ದರೆ 35. ನಡುವೆ ಸಿಕ್ಕವರು ಕೈಯಿಂದ ಕಟ್ಟಬೇಕು. ‘ಹೊಸದು, ಗಾಯವಿಲ್ಲ, ನಾಳೆಯೇ ಮನೆಗೆ’ ಎಂಬ ಪ್ಯಾಕೇಜಿನ ಮಾತು ನಾಟುವುದು ಇಂಥವರಿಗೇ ಎಂದು ನನ್ನ ಗುಮಾನಿ.

ಹಾಗಾಗಿ ಒಪ್ಪಿಗೆ ಪತ್ರದಲ್ಲಿ, ಅದೂ ಕನ್ನಡದಲ್ಲಿ, ಇನ್ನೆರಡು ಸಾಲು ಇರಲಿ: ಈ ವಿಧಾನವನ್ನು ವೈದ್ಯರು ಎಷ್ಟು ಮಂದಿಗೆ ಮಾಡಿದ್ದಾರೆ, ಐದು ವರ್ಷದ ಹಿಂದೆ ಮಾಡಿಸಿಕೊಂಡವರು ಹೇಗಿದ್ದಾರೆ. ಎರಡಕ್ಕೂ ಉತ್ತರ ಸೊನ್ನೆಯಾದರೆ, ಬೇರೆಡೆಯ ಪುರಾವೆಯೂ ಇಲ್ಲದಿದ್ದರೆ, ಅದು ಸಂಶೋಧನೆ. ಆಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಸಂಶೋಧನೆಯ ಹೆಚ್ಚುವರಿ ಖರ್ಚನ್ನು ರೋಗಿಯ ಬಿಲ್ಲಿಗೆ ಹಾಕುವಂತಿಲ್ಲ.